ಬೀಳು ಬಿಟ್ಟ ಹೊಲ: ಮಂತ್ರಿ ಗಯಟೆಯ ಇಟಲಿ ವಾಸ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿರುವ ಕೆಲವರು ಈಚೆಗೆ ಫೋನಿನಲ್ಲಿ ಮಾತನಾಡುವಾಗ ಒಂದು ಆಲೋಚನೆಯನ್ನು ಮುಂದಿಡುತ್ತಿದ್ದಾರೆ. "ಸರ್, ಕೆಲಸಕ್ಕೆ ಒಂದು ವರ್ಷ ಬಿಡುವು ಕೊಟ್ಟು ಯಾವುದಾದರೂ ಹೊರದೇಶದಲ್ಲಿ ಸುಮ್ಮನೆ ಇದ್ದು, ರೀಚಾರ್ಜ್ ಆಗಿ ಬರೋಣ ಅಂತಿದ್ದೀನಿ" ಎನ್ನುತ್ತಾರೆ. ಮೊಬೈಲಿಗೆ ಕರೆನ್ಸಿ ಹಾಕಿಸುವುದನ್ನು ಕಂಡಿದ್ದ ನಮ್ಮ ತಲೆಮಾರಿಗೆ ಮನುಷ್ಯನಿಗೂ ಹಾಗೆ ಹಾಕಿಸಬಹುದೆಂಬುದು ಹೊಸ ವಿಷಯ. ಮನೆಯ ಹಿರಿಯರು ಮೂಗು ಮುರಿಯುತ್ತಾರೆ. ಇದ್ದ ಕೆಲಸ ಬಿಟ್ಟು ಊರೂರು ಅಲೆಯುವುದು ಯಾವ ಬುದ್ಧಿವಂತಿಕೆ ಎಂದು ನನ್ನನ್ನೇ ಪಂಚಾಯಿತಿಗೆ ಕರೆಯುತ್ತಾರೆ. ತೀರ್ಪು ಕೊಡುವುದು ನನ್ನಿಂದಾಗದು. ಆದರೆ ಮೂರು ದಶಕಗಳಿಗೂ ಮೀರಿ ಇತಿಹಾಸವನ್ನು ಬೋಧಿಸಿದವನಾದ್ದರಿಂದ, ಇನ್ನೂರು ವರ್ಷಗಳಿಗೂ ಹಿಂದೆ ಇದೇ ಕೆಲಸವನ್ನು ಮಾಡಿದ ಒಬ್ಬ ಮಹನೀಯನ ಕಥೆಯನ್ನು ಹೇಳಬಲ್ಲೆ.

ಅದಕ್ಕೆ ಮುನ್ನ ಒಂದು ಮಾತು. ನಮ್ಮ ರೈತರು ಸತ್ತ್ವ ಕಳೆದುಕೊಂಡ ಹೊಲವನ್ನು ಒಂದು ಬೆಳೆ ಕಾಲ ಬೀಳು ಬಿಡುವುದುಂಟು. ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂಬ ವಿಧಿ ಯೆಹೂದ್ಯರ ಧರ್ಮಗ್ರಂಥದಲ್ಲಿಯೇ ಇದೆ. ಆ ವಿಶ್ರಾಂತಿಯ ಪದದಿಂದಲೇ ವಿಶ್ವವಿದ್ಯಾನಿಲಯಗಳ 'ಸಬ್ಬಾಟಿಕಲ್' ರಜೆಗೆ ಹೆಸರು ಬಂದಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ 1880ರಲ್ಲಿ ಏಳು ವರ್ಷಕ್ಕೊಮ್ಮೆ ಅರ್ಧ ವೇತನದ ಮೇಲೆ ಒಂದು ವರ್ಷದ ರಜೆಯನ್ನು ಜಾರಿಗೆ ತಂದಿತು. ಆ ಏರ್ಪಾಡಿನ ಹಿಂದೆ ಇದ್ದುದು ಒಬ್ಬ ಸಂಸ್ಕೃತ ಪಂಡಿತನನ್ನು ಸೆಳೆದುಕೊಳ್ಳುವ ಆಸೆ ಎಂಬುದು ನಮಗೆ ಸಂತೋಷದ ಸಂಗತಿ. ಚಾರ್ಲ್ಸ್ ರಾಕ್‌ವೆಲ್ ಲ್ಯಾನ್‌ಮನ್ ಎಂಬ ಆ ವಿದ್ವಾಂಸ ಮುಂದೆ 1889ರಲ್ಲಿ ಭಾರತಕ್ಕೂ ಬಂದು, ಹಾರ್ವರ್ಡಿಗಾಗಿ ಸಂಸ್ಕೃತ, ಪ್ರಾಕೃತ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಕೊಂಡುಕೊಂಡು ಹೋದ. ಆದರೆ ಇದು ನಿಯಮದ ಪ್ರಕಾರ ದೊರೆತ ರಜೆ. ನಾನು ಹೇಳಹೊರಟಿರುವ ಮನುಷ್ಯನ ಕಾಲದಲ್ಲಿ ಅಂತಹ ನಿಯಮವೇ ಇರಲಿಲ್ಲ. ಅವನು ಮೊದಲು ಹೊರಟುಬಿಟ್ಟ, ಅನುಮತಿಯನ್ನು ಆಮೇಲೆ ಕೇಳಿದ ಎನ್ನಬೇಕು.

ಜರ್ಮನ್ ಮಹಾಕವಿ ಗಯಟೆಯನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು ಕಾಳಿದಾಸನ ಶಾಕುಂತಲವನ್ನು ಕೊಂಡಾಡಿದವನೆಂದು. ವಿಲಿಯಂ ಜೋನ್ಸ್ 1789ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು ಗೇಯೋರ್ಗ್ ಫೋರ್ಸ್ಟರ್ 1791ರಲ್ಲಿ ಜರ್ಮನ್ ಭಾಷೆಗೆ ತಂದಾಗ ಗಯಟೆ ಅದನ್ನು ಓದಿ ಮೈಮರೆತ ಕಥೆಯನ್ನು ನಮ್ಮ ಕನ್ನಡ ಪಂಡಿತರು ತರಗತಿಯಲ್ಲಿ ಹೇಳದೆ ಬಿಡುತ್ತಿರಲಿಲ್ಲ. ಆದರೆ ಅವನು ಹತ್ತು ವರ್ಷ ಕಾಲ ಸರ್ಕಾರಿ ಕಡತಗಳ ನಡುವೆ ಹೂತುಹೋಗಿದ್ದ ಮಂತ್ರಿಯೂ ಆಗಿದ್ದನೆಂಬುದನ್ನು ಯಾರೂ ನಮಗೆ ಹೇಳಿರಲಿಲ್ಲ.

ಗಯಟೆ ಹುಟ್ಟಿದ್ದು 1749ರ ಆಗಸ್ಟ್ 28ರಂದು, ಫ್ರಾಂಕ್‌ಫರ್ಟಿನಲ್ಲಿ. 1774ರಲ್ಲಿ ಪ್ರಕಟವಾದ 'ತರುಣ ವರ್ಥರನ ವ್ಯಥೆಗಳು' ಎಂಬ ಕಾದಂಬರಿ ಇಪ್ಪತ್ತೈದರ ಹರೆಯದಲ್ಲಿಯೇ ಅವನನ್ನು ಯೂರೋಪಿನಾದ್ಯಂತ ಪ್ರಸಿದ್ಧನನ್ನಾಗಿಸಿತು. ಮರುವರ್ಷದ ನವೆಂಬರಿನಲ್ಲಿ ವೈಮರ್ ಸಂಸ್ಥಾನದ ಹದಿನೆಂಟು ವರ್ಷದ ದೊರೆ ಕಾರ್ಲ್ ಆಗಸ್ಟನ ಆಹ್ವಾನದ ಮೇರೆಗೆ ಅಲ್ಲಿಗೆ ಹೋದ. ಸಂಸ್ಥಾನವೆಂದರೆ ಎಷ್ಟು ದೊಡ್ಡದು? ಒಟ್ಟು ಜನಸಂಖ್ಯೆ ಸುಮಾರು ಒಂದು ಲಕ್ಷ; ರಾಜಧಾನಿ ವೈಮರಿನಲ್ಲಿ ಸುಮಾರು ಆರು ಸಾವಿರ. ನಮ್ಮ ಅನೇಕ ತಾಲ್ಲೂಕುಗಳಲ್ಲಿ ಇಂದು ಅದಕ್ಕಿಂತ ಹೆಚ್ಚು ಜನರಿದ್ದಾರೆ. ತರುಣ ದೊರೆಗೆ ತರುಣ ಕವಿಯ ಮೇಲೆ ಎಲ್ಲಿಲ್ಲದ ವಿಶ್ವಾಸ. 1776ರಲ್ಲಿ 1200 ಥಾಲರ್ ಸಂಬಳದ ಮೇಲೆ ಆಪ್ತ ಮಂತ್ರಾಲೋಚನಾ ಸಭೆಯ ಸದಸ್ಯನನ್ನಾಗಿ ನೇಮಿಸಿದ. ಹಳೆಯ ಅಧಿಕಾರಿಗಳು ಗೊಣಗಿದರು, ದೊರೆ ಕೇಳಲಿಲ್ಲ.

ಆಮೇಲೆ ಏನಾಯಿತೆಂಬುದನ್ನು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದ ಯಾರಿಗೂ ವಿವರಿಸಬೇಕಾಗಿಲ್ಲ. ಕೆಲಸ ಮಾಡುವವನ ತಲೆಯ ಮೇಲೆಯೇ ಇನ್ನಷ್ಟು ಕೆಲಸ ಬೀಳುತ್ತದೆ. ಜನಗಣತಿ, ಚುನಾವಣೆ, ಮಕ್ಕಳ ಪಟ್ಟಿ, ಮೌಲ್ಯಮಾಪನ ಎಲ್ಲವೂ ಒಂದೇ ಮೇಷ್ಟರ ಪಾಲಿಗೆ ಬರುವಂತೆ, ಇಲ್ಮೆನಾವಿನಲ್ಲಿ ಮುಚ್ಚಿಹೋಗಿದ್ದ ತಾಮ್ರ, ಬೆಳ್ಳಿಯ ಗಣಿಯನ್ನು ಮತ್ತೆ ತೆರೆಯುವ ಹೊಣೆ ಗಯಟೆಗೆ ಬಂತು. 1779ರಲ್ಲಿ ಯುದ್ಧ ಮತ್ತು ರಸ್ತೆ ಇಲಾಖೆಗಳು ಬಂದವು. 1782ರಲ್ಲಿ ಹಣಕಾಸು ಬಂತು. ಅದೇ ವರ್ಷ ಕುಲೀನ ಪದವಿಯೂ ಬಂತು. ಸೈನಿಕರ ಭರ್ತಿಗೆಂದು ಊರೂರು ಸುತ್ತುತ್ತಿದ್ದಾಗಲೇ ಅವನು 'ಇಫಿಗೇನಿಯ' ನಾಟಕವನ್ನು ಬರೆಯಲು ಹೆಣಗುತ್ತಿದ್ದ. ಅಪೋಲ್ಡ ಎಂಬ ಊರಿನಲ್ಲಿ ಕಾಲುಚೀಲ ನೇಯುವವರು ಹಸಿದಿದ್ದಾರೆ, ನನ್ನ ನಾಟಕದ ರಾಜನೋ ಆ ಹಸಿವೇ ಇಲ್ಲವೆಂಬಂತೆ ಮಾತನಾಡಬೇಕಾಗಿದೆ ಎಂಬ ಅರ್ಥದಲ್ಲಿ ಒಂದು ಪತ್ರದಲ್ಲಿ ತೋಡಿಕೊಂಡಿದ್ದಾನೆ. ಸೈನ್ಯವನ್ನು ಚಿಕ್ಕದು ಮಾಡಿ ಖರ್ಚು ಉಳಿಸಿದ್ದು ಅವನ ಆಡಳಿತದ ಒಳ್ಳೆಯ ಕೆಲಸ. ಗಣಿಯ ವಿಷಯದಲ್ಲಿ ಮಾತ್ರ ದೈವ ಒಲಿಯಲಿಲ್ಲ. 1784ರಲ್ಲಿ ಸಮಾರಂಭದೊಡನೆ ಆರಂಭವಾದ ಕೆಲಸ 1796ರಲ್ಲಿ ಸುರಂಗ ಕುಸಿದು ಕೈಕೊಟ್ಟಿತು.

ಈ ಹತ್ತು ವರ್ಷಗಳಲ್ಲಿ ಅವನ ಬರವಣಿಗೆ ಬತ್ತಿತು ಎನ್ನಲಾಗದು. ಆದರೆ ಯಾವುದೂ ಮುಗಿಯಲಿಲ್ಲ. 'ಎಗ್ಮಾಂಟ್' ಅರ್ಧ, 'ಟಾಸ್ಸೊ' ಅರ್ಧ, 'ಫೌಸ್ಟ್' ತುಂಡು ತುಂಡು. 'ಇಫಿಗೇನಿಯ' ಗದ್ಯದಲ್ಲಿಯೇ ನಿಂತಿತ್ತು. 1786ರಲ್ಲಿ ಗ್ಯೋಷೆನ್ ಎಂಬ ಪ್ರಕಾಶಕ ಎಂಟು ಸಂಪುಟಗಳ ಕೃತಿಸಂಗ್ರಹವನ್ನು ಹೊರತರಲು ಒಪ್ಪಂದ ಮಾಡಿಕೊಂಡಾಗ, ತುಂಬಿಸಲು ಮುಗಿದ ಕೃತಿಗಳೇ ಸಾಲದೆ ಹೋದವು. ಮೂವತ್ತೇಳನೆಯ ವಯಸ್ಸಿಗೇ ಸಮಗ್ರ ಸಂಪುಟಗಳು ಬರುತ್ತಿವೆ, ಅವುಗಳಲ್ಲಿ ಅರ್ಧ ಅಪೂರ್ಣ! ಆ ಲೆಕ್ಕಾಚಾರವೇ ಅವನನ್ನು ಹೆಚ್ಚು ಕಾಡಿತೆಂದು ನನಗೆ ತೋರುತ್ತದೆ. ಮನಸ್ಸಿನ ದಣಿವನ್ನು ಎಷ್ಟು ದಿನ ಬೇಕಾದರೂ ಮುಚ್ಚಿಡಬಹುದು; ಮುಗಿಯದ ಕೆಲಸದ ಪಟ್ಟಿ ಮೇಜಿನ ಮೇಲೆ ಕುಳಿತಾಗ ಮುಚ್ಚಿಡಲಾಗದು.

ಇನ್ನೊಂದು ಸಿಕ್ಕೂ ಇತ್ತು. ವೈಮರಿನಲ್ಲಿ ಶಾರ್ಲೊಟೆ ಫಾನ್ ಸ್ಟೈನ್ ಎಂಬ ಕುಲೀನ ಮಹಿಳೆ ಅವನ ಅತ್ಯಂತ ಆಪ್ತಳು. ಆಕೆ ಅವನಿಗಿಂತ ಸುಮಾರು ಏಳು ವರ್ಷ ಹಿರಿಯಳು, ವಿವಾಹಿತೆ, ಏಳು ಮಕ್ಕಳನ್ನು ಹೆತ್ತವಳು. ಗಯಟೆ ಆಕೆಗೆ ಬರೆದ ಓಲೆಗಳು ಸಾವಿರದ ಏಳುನೂರನ್ನು ಮೀರುತ್ತವೆ. ಆ ಸ್ನೇಹ ಅವನನ್ನು ತಿದ್ದಿತು, ಕಟ್ಟಿಯೂ ಹಾಕಿತು. ಇದರ ಬಗ್ಗೆ ಗ್ರಂಥಗಳೇ ಇವೆ. ನಾನು ಹೆಚ್ಚು ಹೇಳಬೇಕಾಗಿಲ್ಲ.

1786ರ ಬೇಸಿಗೆಯಲ್ಲಿ ದೊರೆ, ಶಾರ್ಲೊಟೆ, ಗಯಟೆ ಮೊದಲಾದವರು ಬೊಹೀಮಿಯದ ಕಾರ್ಲ್ಸ್‌ಬಾಡ್ ಎಂಬ ಬಿಸಿನೀರಿನ ಚಿಲುಮೆಗಳ ಊರಿನಲ್ಲಿ ವಿಶ್ರಾಂತಿಗೆ ಸೇರಿದ್ದರು. ಸೆಪ್ಟೆಂಬರ್ 2ರಂದು ಗಯಟೆ ದೊರೆಗೆ ಒಂದು ಪತ್ರ ಬರೆದು, ಅನಿರ್ದಿಷ್ಟ ಕಾಲದ ರಜೆಯನ್ನು ಬೇಡಿದ. ತನ್ನ ಇಲಾಖೆಗಳ ಕೆಲಸ ಒಂದು ಹದಕ್ಕೆ ಬಂದಿದೆ, ತಾನಿಲ್ಲದೆಯೂ ಕೆಲಕಾಲ ನಡೆಯುತ್ತದೆ, ಯಾರೂ ತನ್ನನ್ನು ಅರಿಯದ ಕಡೆ ಹೋಗಬೇಕೆಂಬ ಬಯಕೆ ತನಗಿದೆ ಎಂದು ವಿವರಿಸಿದ. ಎಲ್ಲಿಗೆ ಎಂಬುದನ್ನು ಬರೆಯಲಿಲ್ಲ. ಮಾರನೆಯ ದಿನ ಬೆಳಗಿನ ಜಾವ ಮೂರು ಗಂಟೆಗೆ ಒಂದು ಪೆಟ್ಟಿಗೆ, ಒಂದು ಚರ್ಮದ ಚೀಲ ಇಷ್ಟನ್ನೇ ಹಿಡಿದು ಟಪಾಲು ಗಾಡಿ ಹತ್ತಿದ. ಅಂದು ದೊರೆಯ ಹುಟ್ಟುಹಬ್ಬ ಬೇರೆ! ವಿಷಯ ಪೂರ್ತಿಯಾಗಿ ತಿಳಿದಿದ್ದುದು ಅವನ ಸೇವಕ ಫಿಲಿಪ್ ಸೈಡೆಲನಿಗೆ ಮಾತ್ರ. ಶಾರ್ಲೊಟೆಗೂ ಹೇಳಿರಲಿಲ್ಲ. ಪ್ರಯಾಣಕ್ಕೆ ಅವನು ಇಟ್ಟುಕೊಂಡ ಹೆಸರು ಯೋಹಾನ್ ಫಿಲಿಪ್ ಮ್ಯೋಲರ್, ಲೈಪ್‌ಜಿಗಿನ ವರ್ತಕ.

ಇಟಲಿಯೇ ಏಕೆ? ಅದು ತಂದೆಯಿಂದ ಬಂದ ಬಯಕೆ. ಅವನ ತಂದೆ ಯೋಹಾನ್ ಕಾಸ್ಪರ್ 1740ರಲ್ಲಿ ಇಟಲಿಯನ್ನು ಸುತ್ತಿ ಬಂದು, ಆ ಪ್ರವಾಸವನ್ನು ಇಟಾಲಿಯನ್ ಭಾಷೆಯಲ್ಲಿಯೇ ಬರೆದಿಟ್ಟಿದ್ದ. ಮನೆಯ ಪಡಸಾಲೆಯ ಗೋಡೆಗಳಲ್ಲಿ ರೋಮಿನ ಚಿತ್ರಗಳು ತೂಗುತ್ತಿದ್ದವು. ನಮ್ಮ ಅಜ್ಜಂದಿರ ಮನೆಗಳಲ್ಲಿ ಕಾಶಿ, ರಾಮೇಶ್ವರದ ಪಟಗಳನ್ನು ನೋಡುತ್ತ ಬೆಳೆದವರಿಗೆ ಇದು ಅರ್ಥವಾಗುತ್ತದೆ. ತಂದೆ 1782ರಲ್ಲಿ ತೀರಿಕೊಂಡ. ಮಗ ಹೊರಟದ್ದು ನಾಲ್ಕು ವರ್ಷಗಳ ಅನಂತರ.

ಮ್ಯೂನಿಕ್, ಇನ್ಸ್‌ಬ್ರುಕ್, ಬ್ರೆನ್ನರ್ ಕಣಿವೆ, ಎಲ್ಲಿಯೂ ನಿಲ್ಲದೆ ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳುವವನಂತೆ ಓಡಿದ್ದಾನೆ. ಗಾರ್ಡಾ ಸರೋವರದ ದಡದ ಮಾಲ್ಚೇಸಿನೆ ಎಂಬ ಊರಿನಲ್ಲಿ ಪಾಳುಬಿದ್ದ ಕೋಟೆಯ ಚಿತ್ರ ಬರೆಯಲು ಕುಳಿತ. ಊರ ಜನ ಸುತ್ತುವರಿದರು. ಅದು ವೆನಿಸ್ ಗಣರಾಜ್ಯದ ಗಡಿ. ಆಸ್ಟ್ರಿಯದ ಗೂಢಚಾರನಿರಬೇಕೆಂದು ಒಬ್ಬ ಕಾಗದವನ್ನು ಹರಿದೇಬಿಟ್ಟ. ಊರಿನ ಅಧಿಕಾರಿಯನ್ನೂ ಕರೆತಂದರು. ಕೊನೆಗೆ ಅದೇ ಊರಿನ ಗ್ರೆಗೋರಿಯೊ ಎಂಬಾತ, ಹಿಂದೆ ಫ್ರಾಂಕ್‌ಫರ್ಟಿನಲ್ಲಿ ಕೆಲಸಕ್ಕಿದ್ದವನು, ಇವನೊಡನೆ ಆ ಊರಿನ ಮನೆತನಗಳ ಸುದ್ದಿ ಮಾತನಾಡಿ, ಮನುಷ್ಯ ಸಾಚಾ ಎಂದು ಸಾಕ್ಷಿ ಹೇಳಿ ಬಿಡಿಸಿದ. ಹೊರನಾಡಿಗೆ ದುಡಿಯಲು ಹೋಗಿ ಹಿಂದಿರುಗಿದವನೊಬ್ಬ, ಬಿಡುವಿಗೆಂದು ಬಂದವನನ್ನು ಕಾಪಾಡಿದ ಈ ಪ್ರಸಂಗ ನನಗೆ ಬಹಳ ಇಷ್ಟ.

ಪಾಡುವ ನಗರದ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಒಂದು ತಾಳೆಯ ಜಾತಿಯ ಗಿಡವನ್ನು ಕಂಡು, ಎಳೆಯ ಎಲೆ ಈಟಿಯಂತಿದ್ದುದು ಬೆಳೆಯುತ್ತ ಬೀಸಣಿಗೆಯಾಗುವುದನ್ನು ಗಮನಿಸಿದ. ಆ ಗಿಡ ಇಂದಿಗೂ 'ಗಯಟೆಯ ತಾಳೆ' ಎಂಬ ಹೆಸರಿನಲ್ಲಿ ಜೀವಂತವಾಗಿದೆ. ವೆನಿಸಿನಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಇದ್ದು ಜೀವನದಲ್ಲಿ ಮೊದಲ ಬಾರಿಗೆ ಸಮುದ್ರವನ್ನು ನೋಡಿದ. ಫ್ಲಾರೆನ್ಸಿಗೆ ಕೊಟ್ಟದ್ದು ಮೂರೇ ಗಂಟೆ. ಅಸ್ಸೀಸಿಯಲ್ಲಿ ಸಂತ ಫ್ರಾನ್ಸಿಸನ ಭವ್ಯ ದೇಗುಲದತ್ತ ತಿರುಗಿಯೂ ನೋಡದೆ, ಹಳೆಯ ರೋಮನ್ನರ ಮಿನರ್ವ ಗುಡಿಯನ್ನಷ್ಟೇ ಕಂಡು ಮುಂದೆ ನಡೆದ. ಇತಿಹಾಸದ ಮೇಷ್ಟರಾಗಿ ಇದನ್ನು ನಾನು ಒಪ್ಪಲಾರೆ. ಶೈಕ್ಷಣಿಕ ಪ್ರವಾಸದಲ್ಲಿ ಯಾವನಾದರೂ ಹುಡುಗ ಹೀಗೆ ಮಾಡಿದ್ದರೆ ಬೈಸಿಕೊಳ್ಳುತ್ತಿದ್ದ. ಅಕ್ಟೋಬರ್ 29ರಂದು ರೋಮನ್ನು ಮುಟ್ಟಿದ. ತಾನೆಲ್ಲಿದ್ದೇನೆಂಬುದನ್ನು ವೈಮರಿಗೆ ತಿಳಿಸಿದ್ದು ಅನಂತರವೇ.

ರೋಮಿನಲ್ಲಿ ಅವನು ನಡೆಸಿದ ಜೀವನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬಿಡುವು ಎಂದರೇನೆಂಬುದು ಇಲ್ಲಿದೆ. ಕೋರ್ಸೊ ಬೀದಿಯಲ್ಲಿ ಟಿಷ್‌ಬೈನ್ ಎಂಬ ಜರ್ಮನ್ ಚಿತ್ರಕಾರ ಬೇರೆ ಕಲಾವಿದರೊಡನೆ ವಾಸವಾಗಿದ್ದ ಮನೆಯಲ್ಲಿ ಒಂದು ಕೋಣೆ ಹಿಡಿದ. ಆ ಮನೆ ಈಗ ವಸ್ತುಸಂಗ್ರಹಾಲಯ. ಇಗರ್ಜಿಯ ದಾಖಲೆಯಲ್ಲಿ ಅವನ ಹೆಸರು ಫಿಲಿಪ್ಪೊ ಮಿಲ್ಲರ್, ಜರ್ಮನ್, ವೃತ್ತಿ ಚಿತ್ರಕಾರ, ವಯಸ್ಸು 32 ಎಂದಿದೆ. ನಿಜವಾದ ವಯಸ್ಸು ಮೂವತ್ತೇಳು. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟರೇ ಹುಟ್ಟಿದ ದಿನಾಂಕ ಹಾಕಿಬಿಡುತ್ತಿದ್ದುದು ಜ್ಞಾಪಕಕ್ಕೆ ಬರುತ್ತದೆ! ಮಂತ್ರಿಯೆಂದರೆ ದರ್ಬಾರು, ಔತಣ, ಭೇಟಿಗಳು ತಪ್ಪುವುದಿಲ್ಲ. 'ವರ್ಥರ್' ಬರೆದವನೆಂದರೆ ಆ ಕಥೆ ನಿಜವೇ ಎಂಬ ಪ್ರಶ್ನೆ ತಪ್ಪುವುದಿಲ್ಲ. ಎರಡನ್ನೂ ಕಳಚಿಟ್ಟು ಬೆಳಿಗ್ಗೆ ಎದ್ದು ಬರೆಯುವುದು, ಆಮೇಲೆ ವಿಗ್ರಹಗಳನ್ನೂ ಕಟ್ಟಡಗಳನ್ನೂ ನೋಡಲು ನಡೆದು ಹೋಗುವುದು, ಚಿತ್ರ ಬರೆಯುವುದು, ಸಂಜೆ ಗೆಳೆಯರೊಡನೆ ಮಾತು. ದೃಷ್ಟಿರೇಖೆಯ ಶಾಸ್ತ್ರವನ್ನೂ ಅಂಗರಚನೆಯನ್ನೂ ತನಗಿಂತ ಕಿರಿಯರಿಂದ ವಿದ್ಯಾರ್ಥಿಯಂತೆ ಕಲಿತ. ಜೇಡಿಮಣ್ಣಿನಲ್ಲಿ ತಲೆಗಳನ್ನು ಮಾಡಿದ. ಚಿತ್ರಗಾರ್ತಿ ಆಂಜೆಲಿಕಾ ಕೌಫ್‌ಮನ್ ಮನೆಯಲ್ಲಿ ಭಾನುವಾರದ ಊಟ. ಟಿಷ್‌ಬೈನ್ ಬರೆದ, ಬಿಳಿಯ ನಿಲುವಂಗಿ ಹೊದ್ದು ರೋಮಿನ ಬಯಲಿನಲ್ಲಿ ಒರಗಿ ಕುಳಿತ ಗಯಟೆಯ ಚಿತ್ರ ಲೋಕಪ್ರಸಿದ್ಧ; ಅದರಲ್ಲಿ ಕವಿಗೆ ಎರಡೂ ಎಡಗಾಲುಗಳೇ ಇವೆಯೆಂದು ನೋಡಿದವರು ನಗುವುದುಂಟು.

ಸೋಮಾರಿತನ ಮಾತ್ರ ಅಲ್ಲಿರಲಿಲ್ಲ. ಕಾರ್ಲ್ ಫಿಲಿಪ್ ಮೋರಿಟ್ಸ್ ಎಂಬ ಲೇಖಕ ಕುದುರೆಯಿಂದ ಬಿದ್ದು ತೋಳು ಮುರಿದುಕೊಂಡಾಗ ಗಯಟೆ ಸುಮಾರು ನಲವತ್ತು ದಿನ ಅವನ ಶುಶ್ರೂಷೆ ನೋಡಿಕೊಂಡ. ಗೆಳೆಯರು ಸರದಿಯಲ್ಲಿ ರೋಗಿಯ ಬಳಿ ಕೂರುವಂತೆ ಪಟ್ಟಿ ಮಾಡಿದವನೂ ಅವನೇ. ಆಡಳಿತಗಾರನ ಅಭ್ಯಾಸ ಎಲ್ಲಿಗೆ ಹೋದೀತು! ಅದೇ ಮೋರಿಟ್ಸನ ಛಂದಸ್ಸಿನ ವಿಚಾರಗಳ ನೆರವಿನಿಂದ, ವರ್ಷಗಟ್ಟಲೆ ಗದ್ಯದಲ್ಲಿ ನಿಂತಿದ್ದ 'ಇಫಿಗೇನಿಯ' 1787ರ ಜನವರಿಯ ವೇಳೆಗೆ ಪದ್ಯರೂಪದಲ್ಲಿ ಪೂರ್ಣವಾಯಿತು.

ಫೆಬ್ರವರಿಯಲ್ಲಿ ನೇಪಲ್ಸ್. ಹೊಗೆಯುಗುಳುತ್ತಿದ್ದ ವೆಸೂವಿಯಸ್ ಪರ್ವತವನ್ನು ಒಂದೇ ತಿಂಗಳಲ್ಲಿ ಮೂರು ಬಾರಿ ಹತ್ತಿದ. ಟಿಷ್‌ಬೈನ್ ಮನಸ್ಸಿಲ್ಲದ ಮನಸ್ಸಿನಿಂದ ಒಮ್ಮೆ ಜೊತೆಯಾದ. ಮಾರ್ಚ್ ಕೊನೆಯಲ್ಲಿ ಕ್ನೀಪ್ ಎಂಬ ಇನ್ನೊಬ್ಬ ಚಿತ್ರಕಾರನೊಡನೆ ಸಿಸಿಲಿಗೆ ಹಡಗು ಹತ್ತಿದ. ಸಮುದ್ರಯಾನದ ಸಂಕಟದಲ್ಲಿ ಮಲಗಿಕೊಂಡೇ 'ಟಾಸ್ಸೊ' ನಾಟಕದ ರೂಪರೇಖೆಯನ್ನು ತಿದ್ದಿದ. ಪಲೇರ್ಮೊ ನಗರದ ಉದ್ಯಾನಕ್ಕೆ ಒಂದು ಬೆಳಿಗ್ಗೆ ಹೋದದ್ದು ಹೊಸ ನಾಟಕವೊಂದನ್ನು ಚಿಂತಿಸಲೆಂದು; ಆದರೆ ಜರ್ಮನಿಯಲ್ಲಿ ಗಾಜಿನ ಮನೆಯೊಳಗೆ ಕುಂಡದಲ್ಲಿ ಕಂಡಿದ್ದ ಗಿಡಗಳು ಅಲ್ಲಿ ಬಯಲಿನಲ್ಲಿ ಸೊಂಪಾಗಿ ನಿಂತದ್ದನ್ನು ಕಂಡು ನಾಟಕ ಮರೆತೇಹೋಯಿತು. ಇಷ್ಟೆಲ್ಲ ಬಗೆಯ ಸಸ್ಯಗಳಿಗೂ ಮೂಲವಾದ ಒಂದೇ ಆಕೃತಿ ಇರಲೇಬೇಕಲ್ಲವೇ ಎಂಬ ಪ್ರಶ್ನೆ ಹಿಡಿಯಿತು. 1790ರಲ್ಲಿ ಅವನು ಪ್ರಕಟಿಸಿದ 'ಸಸ್ಯಗಳ ರೂಪಾಂತರ' ಎಂಬ ಪುಸ್ತಕದಲ್ಲಿ, ಗಿಡದ ಬೇರೆ ಬೇರೆ ಭಾಗಗಳು ಒಂದೇ ಎಲೆಯ ರೂಪಾಂತರಗಳೆಂದು ವಾದಿಸಿದ. ಅವನು ಕನಸಿದ ಆ ಮೂಲಸಸ್ಯ ಎಲ್ಲಿಯೂ ಸಿಗಲಿಲ್ಲ. ಆದರೆ ಹೂವಿನ ಅಂಗಗಳು ಎಲೆಯ ಮಾರ್ಪಾಡುಗಳೆಂಬ ಮಾತನ್ನು ಇಂದಿನ ಸಸ್ಯವಿಜ್ಞಾನಿಗಳೂ ಗೌರವದಿಂದ ಸ್ಮರಿಸುತ್ತಾರೆ. ಹಿಂದಿರುಗುವಾಗ ಹಡಗು ಕಾಪ್ರಿ ದ್ವೀಪದ ಬಂಡೆಗಳತ್ತ ತೇಲಿಹೋಗಿ, ಪ್ರಯಾಣಿಕರು ಗೋಳಾಡಿ, ಕೊನೆಗೆ ಗಾಳಿ ಬೀಸಿ ಪಾರಾದದ್ದು ಬೇರೆ ಕಥೆ.

1787ರ ಜೂನಿನಿಂದ ಮರುವರ್ಷದ ಏಪ್ರಿಲ್ ವರೆಗೆ ಮತ್ತೆ ರೋಮಿನಲ್ಲಿಯೇ ಇದ್ದ. 'ಎಗ್ಮಾಂಟ್' ಮುಗಿಯಿತು. 'ಫೌಸ್ಟ್'ನ ಮಾಟಗಾತಿಯ ಅಡುಗೆಮನೆಯ ದೃಶ್ಯವನ್ನು ಬೋರ್ಗೆಸೆ ಉದ್ಯಾನದಲ್ಲಿ ಬರೆದ. ಇಟಲಿಯಲ್ಲಿದ್ದ ಕಾಲದಲ್ಲಿ ನೂರಾರು ಚಿತ್ರಗಳನ್ನು ಬರೆದ. ಅಷ್ಟು ಬರೆದ ಮೇಲೆ 1788ರ ಫೆಬ್ರವರಿಯಲ್ಲಿ, ತಾನು ಚಿತ್ರಕಾರನಲ್ಲ, ಹುಟ್ಟಿದ್ದು ಕಾವ್ಯಕ್ಕಾಗಿಯೇ ಎಂದು ತನಗೆ ತಾನೇ ಸ್ಪಷ್ಟಪಡಿಸಿಕೊಂಡ. ಇಡೀ ಪ್ರವಾಸದಲ್ಲಿ ಅವನು ಗಳಿಸಿದ್ದರಲ್ಲಿ ಇದೇ ದೊಡ್ಡದೆಂದು ನನ್ನ ಅಭಿಪ್ರಾಯ. ಮನೆಯಲ್ಲಿಯೇ ಇದ್ದಿದ್ದರೆ, ಅವಕಾಶ ಸಿಕ್ಕಿದ್ದರೆ ಚಿತ್ರಕಾರನಾಗುತ್ತಿದ್ದೆ ಎಂಬ ಕೊರಗು ಸಾಯುವವರೆಗೂ ಉಳಿಯುತ್ತಿತ್ತು.

ಈಗ ಲೆಕ್ಕದ ಪುಸ್ತಕದ ಇನ್ನೊಂದು ಪುಟ. ಈ ಒಂದೂ ಮುಕ್ಕಾಲು ವರ್ಷದ ಕಾಲ ವೈಮರಿನ ಕಚೇರಿ ಯಾರಿಂದ ನಡೆಯಿತು? ಹಣಕಾಸನ್ನು ಸ್ಮಿಟ್ ಎಂಬ ಅಧಿಕಾರಿ, ಗಣಿ ಮೊದಲಾದುವನ್ನು ಫೋಯ್ಕ್ಟ್ ಎಂಬಾತ ಹೊತ್ತುಕೊಂಡರು. ಗಯಟೆಯ ಸಂಬಳ ನಿಲ್ಲಲಿಲ್ಲ. 1787ರಲ್ಲಿ ವೈಮರಿಗೆ ಬಂದ ಇಪ್ಪತ್ತೆಂಟರ ಬಡ ಕವಿ ಷಿಲ್ಲರ್ ಇದನ್ನು ಕಂಡು ಕುದಿದುಹೋದ. ಡಿಸೆಂಬರಿನಲ್ಲಿ ಗೆಳೆಯ ಕ್ಯೋರ್ನರನಿಗೆ ಬರೆದ ಪತ್ರದಲ್ಲಿ, ಅವನು ಇಟಲಿಯಲ್ಲಿ ಚಿತ್ರ ಬರೆಯುತ್ತ, ಏನೂ ಮಾಡದೆ 1800 ಥಾಲರ್ ಸಂಬಳ ತಿನ್ನುತ್ತಿರುವಾಗ, ಇಲ್ಲಿ ಸ್ಮಿಟ್, ಫೋಯ್ಕ್ಟರಂಥವರು ಅದರ ಅರ್ಧ ಹಣಕ್ಕೆ ಎರಡರಷ್ಟು ಹೊರೆ ಹೊತ್ತು ಎತ್ತುಗಳಂತೆ ಬೆವರುತ್ತಿದ್ದಾರೆ ಎಂಬ ಅರ್ಥದಲ್ಲಿ ಕಟುವಾಗಿ ಬರೆದಿದ್ದಾನೆ.

ಷಿಲ್ಲರನ ಮಾತು ಅನ್ಯಾಯದ್ದಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಗಣಿತದ ಸಹೋದ್ಯೋಗಿಯೊಬ್ಬರು ವೇತನರಹಿತ ರಜೆಯ ಮೇಲೆ ಮಗನ ಬಳಿಗೆಂದು ವಿದೇಶಕ್ಕೆ ತೆರಳಿದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹತ್ತನೆಯ ತರಗತಿಯ ಬದಲಿ ಪಾಠಗಳು ವಿಜ್ಞಾನದ ಮೇಡಂ ಅವರ ಪಾಲಿಗೆ ಬಂದವು. ಆಕೆಗೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಬೇರೆ. ರಜೆ ಮುಗಿಸಿ ಬಂದ ಸಹೋದ್ಯೋಗಿ ಹೊಸ ಹುರುಪಿನಿಂದ ಪಾಠ ಮಾಡಿದರೆಂಬುದು ನಿಜ. ಆ ವರ್ಷ ಮೇಡಂ ಅವರು ಸೊರಗಿದ್ದೂ ನಿಜ. ಎರಡೂ ಒಂದೇ ರಜೆಯ ಫಲ. ಇತಿಹಾಸದಲ್ಲಿ ಗಯಟೆಯ ಹೆಸರು ಉಳಿಯಿತು. ಸ್ಮಿಟ್ ಯಾರೆಂದು ಕೇಳಿದರೆ ಎಷ್ಟು ಜನ ಹೇಳಬಲ್ಲರು?

ಆದರೆ ದೊರೆ ಕಾರ್ಲ್ ಆಗಸ್ಟ್ ಈ ಪ್ರಶ್ನೆಯನ್ನು ಬಿಡಿಸಿದ ರೀತಿಯನ್ನು ಮೆಚ್ಚಬೇಕು. ರಜೆಯನ್ನು ವಿಸ್ತರಿಸಿದ. ಗಯಟೆಯೂ ಮತ್ತೆ ಹಳೆಯ ನೊಗವನ್ನು ಹೊರಲಾರೆನೆಂದು, ತಾನು ಕಲಾವಿದನೆಂಬುದು ಈ ಏಕಾಂತದಲ್ಲಿ ತಿಳಿಯಿತೆಂದು ರೋಮಿನಿಂದ ಪತ್ರ ಬರೆದ. ದೊರೆ ಹಣಕಾಸಿನ ಅಧ್ಯಕ್ಷತೆಯನ್ನು ಸ್ಮಿಟ್ ಅವರಿಗೇ ಕಾಯಂ ಆಗಿ ಕೊಟ್ಟ. ಕೆಲಸ ಮಾಡಿದವನಿಗೆ ಪದವಿಯೂ ಸಿಕ್ಕಿತು. ಗಯಟೆಯನ್ನು ಯುದ್ಧ ಇಲಾಖೆಯಿಂದಲೂ ಬಿಡುಗಡೆ ಮಾಡಿ, ಇಷ್ಟವಾದಾಗ ಸಭೆಗೆ ಬಂದು ದೊರೆಗೆ ಮೀಸಲಾದ ಪೀಠದಲ್ಲಿಯೇ ಕೂರುವ ಗೌರವವನ್ನಿತ್ತ. ಮುಂದೆ ರಂಗಭೂಮಿ, ಗ್ರಂಥಾಲಯ, ವಿಶ್ವವಿದ್ಯಾನಿಲಯದ ಸಂಗ್ರಹಗಳು ಇಂಥ ಕೆಲಸಗಳೇ ಅವನ ಪಾಲಿಗೆ ಬಂದವು.

1788ರ ಜೂನ್ 18ರಂದು ಗಯಟೆ ವೈಮರಿಗೆ ಮರಳಿದ. ಹೊರದೇಶದಿಂದ ಬಂದವನು ಎದುರಿಸುವ ಕಷ್ಟ ಅವನನ್ನೂ ಬಿಡಲಿಲ್ಲ: ಅವನು ಕಂಡದ್ದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಹೇಳದೆ ಹೋದದ್ದನ್ನು ಶಾರ್ಲೊಟೆ ಕ್ಷಮಿಸಲಿಲ್ಲ. ಜುಲೈ ತಿಂಗಳಲ್ಲಿ ಕ್ರಿಸ್ಟಿಯಾನೆ ವುಲ್ಪಿಯುಸ್ ಎಂಬ, ಕೃತಕ ಹೂವುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಪ್ಪತ್ಮೂರರ ಯುವತಿ ಅವನ ಬಾಳಿಗೆ ಬಂದಳು. ಊರಿಗೆ ಊರೇ ಹೀಗಳೆಯಿತು. ಶಾಸ್ತ್ರೋಕ್ತವಾಗಿ ಮದುವೆಯಾದದ್ದು 1806ರಲ್ಲಿ. ಶಾರ್ಲೊಟೆ ತಾನು ಬರೆದಿದ್ದ ಪತ್ರಗಳನ್ನು ಹಿಂದಕ್ಕೆ ಪಡೆದು ನಾಶಮಾಡಿದಳು; 1794ರಲ್ಲಿ 'ಡೈಡೊ' ಎಂಬ ನಾಟಕ ಬರೆದು ಗಯಟೆಯನ್ನು ಅದರಲ್ಲಿ ಚುಚ್ಚಿದಳು. ಹಳೆಯ ಗೆಳತಿಗೆ ಒಂದು ಸಾಲು ತಿಳಿಸಿ ಹೊರಟಿದ್ದರೆ ಏನು ಹೋಗುತ್ತಿತ್ತು ಎಂದು ನನಗೆ ಅನೇಕ ಬಾರಿ ಅನ್ನಿಸಿದೆ. ಬಹುಶಃ ಹೊರಡುವುದೇ ಆಗುತ್ತಿರಲಿಲ್ಲ.

ಷಿಲ್ಲರನ ಕೋಪವೂ ಕೊನೆಯವರೆಗೆ ಉಳಿಯಲಿಲ್ಲ. 1794ರಲ್ಲಿ ಯೇನಾ ನಗರದಲ್ಲಿ ವಿಜ್ಞಾನ ಸಭೆಯೊಂದು ಮುಗಿದ ಮೇಲೆ ಇಬ್ಬರೂ ಮಾತಿಗೆ ತೊಡಗಿದರು. ಆ ದಿನ ಗಯಟೆ ವಿವರಿಸಿದ್ದು ಇಟಲಿಯಲ್ಲಿ ಹೊಳೆದಿದ್ದ ಆ ಸಸ್ಯರೂಪಾಂತರದ ವಿಚಾರವನ್ನೇ. ಅಲ್ಲಿಂದ 1805ರಲ್ಲಿ ಷಿಲ್ಲರ್ ತೀರಿಕೊಳ್ಳುವವರೆಗೂ ಅವರಿಬ್ಬರದು ಜರ್ಮನ್ ಸಾಹಿತ್ಯದ ಅತಿ ದೊಡ್ಡ ಸ್ನೇಹ.

ಗಯಟೆಗೆ ಫಲಿಸಿತೆಂದು ಎಲ್ಲರಿಗೂ ಫಲಿಸಲಿಲ್ಲ ಎಂಬುದನ್ನೂ ಹೇಳಬೇಕು. ವೈಮರಿನಲ್ಲಿಯೇ ಇದ್ದ ವಿದ್ವಾಂಸ ಹರ್ಡರ್ 1788ರ ಆಗಸ್ಟಿನಲ್ಲಿ ಅದೇ ಇಟಲಿಗೆ ಹೋಗಿ, ಮನಸ್ಸು ಅಲ್ಲಿ ನಿಲ್ಲದೆ, ಬೇಸರಪಟ್ಟುಕೊಂಡು ಮರುವರ್ಷ ಹಿಂದಿರುಗಿದ. ಸ್ವತಃ ಗಯಟೆ 1790ರಲ್ಲಿ, ರಾಜಮಾತೆಯನ್ನು ಕರೆತರಲೆಂದು ವೆನಿಸಿಗೆ ಹೋಗಿ ಕಾಯಬೇಕಾಯಿತು. ಅದೇ ಕಾಲುವೆಗಳು, ಅದೇ ಬೀದಿಗಳು. ಇಟಲಿಯ ಮೇಲಿನ ತನ್ನ ಪ್ರೀತಿಗೆ ಈ ಪ್ರಯಾಣದಿಂದ ಮರಣಾಂತಿಕ ಪೆಟ್ಟು ಬಿದ್ದಿತೆಂಬರ್ಥದಲ್ಲಿ ದೊರೆಗೆ ಬರೆದ. ಮನೆಯಲ್ಲಿ ಕ್ರಿಸ್ಟಿಯಾನೆ, ಕೆಲವೇ ತಿಂಗಳ ಕೂಸು; ಅವನ ಮನಸ್ಸೆಲ್ಲ ಅಲ್ಲಿಯೇ ಇತ್ತು.

ಇನ್ನೊಂದು ಎಚ್ಚರಿಕೆ, ಆಕರಗಳನ್ನು ಪರಿಶೀಲಿಸಬೇಕೆಂದು ನಿಮಗೆಲ್ಲ ಕಲಿಸಿದವನಾದ್ದರಿಂದ. ನಾವಿಂದು ಓದುವ 'ಇಟಲಿ ಪ್ರವಾಸ' ಗ್ರಂಥದ ಮೊದಲ ಎರಡು ಭಾಗಗಳು ಹೊರಬಂದದ್ದು 1816 ಮತ್ತು 1817ರಲ್ಲಿ. ಕೊನೆಯ ಭಾಗ 1829ರಲ್ಲಿ. ಅರವತ್ತು ದಾಟಿದ ಮುದುಕ ಹಳೆಯ ದಿನಚರಿಯನ್ನೂ ಪತ್ರಗಳನ್ನೂ ಮುಂದಿಟ್ಟುಕೊಂಡು, ತಿದ್ದಿ, ತೀಡಿ, ಬರೆದು ಮುಗಿಸಿ, ಮೂಲ ಕಾಗದಗಳಲ್ಲಿ ಅನೇಕವನ್ನು ಸುಟ್ಟುಹಾಕಿದ. ರೋಮನ್ನು ಮುಟ್ಟುವವರೆಗೆ ಶಾರ್ಲೊಟೆಗಾಗಿ ಬರೆದ ದಿನಚರಿ ಮಾತ್ರ ಉಳಿದಿದೆ. ಅದರಲ್ಲಿರುವ ಮನುಷ್ಯ ಪುಸ್ತಕದ ಮನುಷ್ಯನಿಗಿಂತ ಆತುರದವನು, ಹೆಚ್ಚು ಹತ್ತಿರದವನು. ನನ್ನ ವಯಸ್ಸಿನವರು ನೆನಪುಗಳನ್ನು ಬರೆಯುವಾಗ ಎಷ್ಟನ್ನು ತೀಡುತ್ತೇವೆಂಬುದನ್ನು ಬಲ್ಲೆ. ನಮ್ಮ ಎ. ಎನ್. ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ'ಯನ್ನು ಓದಿದವರಿಗೆ, ಇಳಿವಯಸ್ಸಿನ ಕಣ್ಣು ಬೇರೆಯದೇ ಬಗೆಯಲ್ಲಿ ನೋಡುತ್ತದೆಂಬುದು ಹೊಸದಲ್ಲ.

ಆ ಕೂಸಿನ ಹೆಸರು ಆಗಸ್ಟ್. ಹುಟ್ಟಿದ್ದು 1789ರ ಡಿಸೆಂಬರ್ 25ರಂದು. ಅದು ಶಾರ್ಲೊಟೆಯ ಹುಟ್ಟುಹಬ್ಬದ ದಿನವೂ ಹೌದು. ಅವನೂ ದೊಡ್ಡವನಾಗಿ ವೈಮರಿನ ಸರ್ಕಾರಿ ಸೇವೆಯಲ್ಲಿಯೇ ಇದ್ದ. ತಂದೆಯ ಹೆಸರಿನ ಭಾರ, ಕುಡಿತ, ಕಾಯಿಲೆಗಳಿಂದ ಕುಗ್ಗಿ, 1830ರ ವಸಂತದಲ್ಲಿ ಚೇತರಿಸಿಕೊಳ್ಳಲೆಂದು ಇಟಲಿಗೆ ಹೊರಟ. ತಂದೆ ಹೋಗಿದ್ದ ಊರುಗಳಲ್ಲಿ ಹಲವನ್ನು ನೋಡಿದ. ಮನೆಗೆ ಪತ್ರಗಳನ್ನು ಬರೆದ. ಅಕ್ಟೋಬರಿನಲ್ಲಿ ರೋಮಿಗೆ ಬಂದು, ಕೆಲವೇ ದಿನಗಳಲ್ಲಿ, 27ರಂದು ಅಲ್ಲಿಯೇ ತೀರಿಕೊಂಡ. ಆಗ ಅವನಿಗೆ ನಲವತ್ತು. ತಂದೆ ಇನ್ನೂ ಬದುಕಿದ್ದ. ಸೆಸ್ಟಿಯುಸನ ಪಿರಮಿಡ್ಡಿನ ಬಳಿಯ ಪ್ರಾಟೆಸ್ಟೆಂಟ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು; 1788ರಲ್ಲಿ ಗಯಟೆ ಅದೇ ಪಿರಮಿಡ್ಡಿನ ಬಳಿ ತನ್ನದೇ ಸಮಾಧಿಯಿರುವಂತೆ ಕಲ್ಪಿಸಿಕೊಂಡು ಒಂದು ಚಿತ್ರ ಬರೆದಿದ್ದ. ಕಲ್ಲಿನ ಮೇಲೆ ಆಗಸ್ಟನ ಹೆಸರಿಲ್ಲ. ಗಯಟೆಯ ಮಗ, ತಂದೆಗಿಂತ ಮುಂಚೆ ಹೋದವನು ಎಂದು ಲ್ಯಾಟಿನ್ ಭಾಷೆಯಲ್ಲಿ ಕೆತ್ತಿದೆ.